ಪಟ್ಟಿಯಲ್ಲಿ ಮೂವತ್ತು, ಪಾಳಿಯಲ್ಲಿ ಇಪ್ಪತ್ತೈದು: ಜೈಲು ಸಿಬ್ಬಂದಿಯ ವರ್ಗಾವಣೆ, ನಿಯೋಜನೆ ನಿಭಾಯಿಸುವುದು ಹೇಗೆ?

ಪ್ರಶ್ನೆ: ನಾನು ಕರ್ನಾಟಕದ ಒಂದು ಜಿಲ್ಲಾ ಕಾರಾಗೃಹದಲ್ಲಿ ಸಹಾಯಕ ಅಧೀಕ್ಷಕ. ಅಧೀಕ್ಷಕರು ವರ್ಗವಾಗಿ ಹೋದ ಮೇಲೆ ಎರಡು ತಿಂಗಳಿಂದ ನನಗೇ ಪ್ರಭಾರ. ನಮ್ಮ ಪಟ್ಟಿಯಲ್ಲಿ 30 ವಾರ್ಡರ್‌ಗಳಿದ್ದಾರೆ. ಅವರಲ್ಲಿ ಐವರು ಬೇರೆ ಬೇರೆ ಕಡೆ ನಿಯೋಜನೆ ಮೇಲೆ ಹೋಗಿದ್ದಾರೆ. ಒಬ್ಬರು ಹೋಗಿ ಮೂರು ವರ್ಷವಾಯಿತು. ಇಬ್ಬರ ಆದೇಶವೇ ಕಡತದಲ್ಲಿ ಇಲ್ಲ, ‘ಫೋನ್‌ನಲ್ಲಿ ಹೇಳಿದ್ದರು’ ಅಂತಾರೆ. ಸಂಬಳ ಮಾತ್ರ ಇಲ್ಲಿಂದಲೇ. ನಾಲ್ವರು ಮಹಿಳಾ ವಾರ್ಡರ್‌ಗಳಲ್ಲಿ ಒಬ್ಬರೂ ಹೊರಗಿದ್ದಾರೆ. ಉಳಿದವರು 12 ಗಂಟೆ ಡ್ಯೂಟಿ ಮಾಡಿ ಸುಸ್ತಾಗಿದ್ದಾರೆ. ಮೊನ್ನೆ ಇನ್ನೂ ಇಬ್ಬರನ್ನು ‘ತಾತ್ಕಾಲಿಕವಾಗಿ’ ಕಳಿಸಿ ಎಂದು ಫೋನ್ ಬಂದಿದೆ. ಇದರ ಮೇಲೆ ಸಾರ್ವತ್ರಿಕ ವರ್ಗಾವಣೆ ಹತ್ತಿರ ಬರುತ್ತಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ಫೋನ್ ಬಂತು ಅಂತ ಆ ಇಬ್ಬರನ್ನು ಕಳಿಸಬೇಡಿ. ಹಾಗಂತ ಫೋನ್ ಮಾಡಿದವರ ಜೊತೆ ವಾದಕ್ಕೂ ಇಳಿಯಬೇಡಿ. ಇವತ್ತೇ ಒಂದು ಇ-ಮೇಲ್ ಹಾಕಿ. ‘ತಾವು ದೂರವಾಣಿಯಲ್ಲಿ ತಿಳಿಸಿದಂತೆ ಇಬ್ಬರು ವಾರ್ಡರ್‌ಗಳನ್ನು ಕಳಿಸಲು ಲಿಖಿತ ಆದೇಶ ಕೋರಿದೆ. ಸದ್ಯ ಇಲ್ಲಿ ಕೆಲಸಕ್ಕೆ ಲಭ್ಯ ಇರುವವರು 25 ಮಂದಿ. ಇನ್ನಿಬ್ಬರು ಹೋದರೆ ಇಂಥ ಕಾವಲು ಪಾಯಿಂಟ್‌ಗಳು ಇಂಥ ಪಾಳಿಯಲ್ಲಿ ಖಾಲಿ ಬೀಳುತ್ತವೆ. ಬದಲಿ ವ್ಯವಸ್ಥೆಯ ಬಗ್ಗೆಯೂ ನಿರ್ದೇಶನ ಕೋರಿದೆ’ ಎಂದು ಬರೆಯಿರಿ. ಅಷ್ಟೇ ಸಾಕು.

ಇದನ್ನು ಯಾರೂ ಅವಿಧೇಯತೆ ಎನ್ನಲಾಗದು. ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 31ರಂದು ಇದನ್ನೇ ಹೇಳಿದೆ. ಅಧಿಕಾರಿಗಳು ಬಾಯಿಮಾತಿನ ಸೂಚನೆ ಮೇಲೆ ಕೆಲಸ ಮಾಡಬಾರದು, ಅಂಥ ಸೂಚನೆ ಬಂದರೆ ದಾಖಲೆಗೆ ತರಬೇಕು ಎಂದು. ಆ ಪ್ರಕರಣ ಮೇಲ್ಮಟ್ಟದ ನಾಗರಿಕ ಸೇವೆಯವರ ಸುತ್ತ ನಡೆದದ್ದು. ಆದರೆ ಜೈಲಿನ ಗೇಟಿನಲ್ಲಿ ನಿಂತವರಿಗೆ ಆ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಯಾಕೆಂದರೆ ನಾಳೆ ಏನಾದರೂ ಎಡವಟ್ಟಾದರೆ ಫೋನ್ ಕರೆಗೆ ಸಾಕ್ಷಿ ಇರುವುದಿಲ್ಲ. ಆ ದಿನದ ಡ್ಯೂಟಿ ಚಾರ್ಟ್ ಮೇಲೆ ನಿಮ್ಮ ಸಹಿ ಮಾತ್ರ ಇರುತ್ತದೆ.

ನಿಜವಾದ ತುರ್ತು ಬೇರೆ. ಪಕ್ಕದ ಜೈಲಿನಲ್ಲಿ ಗಲಾಟೆ ಆಯಿತು, ಬೆಂಕಿ ಬಿತ್ತು ಅಂದರೆ ಮೊದಲು ಜನ ಕಳಿಸಿ. ಗೇಟ್ ಪುಸ್ತಕದಲ್ಲಿ ಹೊರಟ ಸಮಯ, ಹೆಸರು, ಹೇಳಿದವರ ಹುದ್ದೆ ಬರೆಯಿರಿ. ಮರುದಿನವೇ ಲಿಖಿತ ಆದೇಶ ತರಿಸಿಕೊಳ್ಳಿ.

ಇನ್ನು ನಿಮ್ಮ 12 ಗಂಟೆ ಡ್ಯೂಟಿ ಎಲ್ಲಿಂದ ಬಂತು ಎಂದು ಒಮ್ಮೆ ಲೆಕ್ಕ ಹಾಕಿ ನೋಡೋಣ. ಮೇಲಿನವರಿಗೆ ಬರೆಯುವಾಗ ಈ ಲೆಕ್ಕವೇ ನಿಮ್ಮ ಬಲ.

ಹಗಲು ರಾತ್ರಿ ಜನ ಇರಲೇಬೇಕಾದ ಒಂದು ಪಾಯಿಂಟ್‌ಗೆ ದಿನಕ್ಕೆ ಎಂಟು ಗಂಟೆಯ ಮೂರು ಪಾಳಿ. ವರ್ಷಕ್ಕೆ 1095 ಪಾಳಿ. ಒಬ್ಬ ವಾರ್ಡರ್ ವರ್ಷಕ್ಕೆ ಎಷ್ಟು ಪಾಳಿ ಕೊಡಬಲ್ಲರು? 365 ದಿನದಲ್ಲಿ ವಾರದ ರಜೆ 52 ಕಳೆಯಿರಿ. ಸಾಂದರ್ಭಿಕ ರಜೆ, ಗಳಿಕೆ ರಜೆ ಸೇರಿ 40 ಕಳೆಯಿರಿ. ತರಬೇತಿ, ಜ್ವರ, ಕೋರ್ಟ್ ಸಾಕ್ಷಿ ಅಂತ ಹತ್ತು ದಿನ ಬಿಡಿ. ಉಳಿಯುವುದು 263. ಅಂದರೆ ಒಂದು ಪಾಯಿಂಟ್‌ಗೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಜನ ಬೇಕು. ಮೂರು ಪಾಳಿಗೆ ಮೂರು ಜನ ಸಾಕು ಅಂದುಕೊಂಡು ಚಾರ್ಟ್ ಹಾಕಿದ ಕಡೆಯೆಲ್ಲ ರಜೆ ಕೊಡಲಾಗದೆ ಒದ್ದಾಡುವುದು ಇದೇ ಕಾರಣಕ್ಕೆ.

ನಿಮ್ಮಂಥ ಜೈಲಿನಲ್ಲಿ ಕನಿಷ್ಠ ಎಂಟು ಪಾಯಿಂಟ್ ಇರುತ್ತವೆ ಅಂದುಕೊಳ್ಳಿ: ಮುಖ್ಯ ಗೇಟು, ಒಳ ಗೇಟು, ಎರಡು ವಾಚ್ ಟವರ್, ಸಿಸಿಟಿವಿ ಕೊಠಡಿ, ಎರಡು ಬ್ಯಾರಕ್ ಬ್ಲಾಕ್, ಮಹಿಳಾ ವಿಭಾಗ. ಅಡುಗೆಮನೆ, ಭೇಟಿ ಕೊಠಡಿ, ವಿಡಿಯೋ ಕಾನ್ಫರೆನ್ಸ್ ಕೊಠಡಿ, ರಾತ್ರಿ ದಿಢೀರನೆ ಆಸ್ಪತ್ರೆಗೆ ಹೋಗುವುದು, ಇವನ್ನು ಇದರಲ್ಲಿ ಸೇರಿಸಿಲ್ಲ. ಎಂಟು ಪಾಯಿಂಟ್‌ಗೆ ವರ್ಷಕ್ಕೆ 8760 ಪಾಳಿ ಬೇಕು. 30 ಜನ ಇದ್ದರೂ ಸಿಗುವುದು 7890. ಐವರು ಹೊರಗೆ ಹೋದ ಮೇಲೆ ಸಿಗುವುದು 6575. ದಿನಕ್ಕೆ ಸುಮಾರು ಆರು ಪಾಳಿ ಖಾಲಿ. ಆ ಖಾಲಿ ತುಂಬಲು ಇರುವ ದಾರಿ ಒಂದೇ. ಮೂರು ಪಾಳಿಯನ್ನು ಎರಡು ಮಾಡುವುದು. ಆಗ ವರ್ಷಕ್ಕೆ 5840 ಪಾಳಿ ಸಾಕು, 25 ಜನರಲ್ಲಿ ಹೇಗೋ ನಡೆಯುತ್ತದೆ. ನಿಮ್ಮಲ್ಲಿ 12 ಗಂಟೆ ಡ್ಯೂಟಿ ಬಂದದ್ದು ಹೀಗೆ. ಇನ್ನಿಬ್ಬರು ಹೋದರೆ ಆ ಎರಡು ಪಾಳಿಯೂ ತುದಿಗೆ ಬಂದು ನಿಲ್ಲುತ್ತದೆ. ಇಬ್ಬರು ಒಟ್ಟಿಗೆ ಹುಷಾರು ತಪ್ಪಿದರೆ ಉಳಿದವರ ವಾರದ ರಜೆ ಹೋಯಿತು ಅಂತಲೇ ಲೆಕ್ಕ.

ಕೇಂದ್ರ ಗೃಹ ಸಚಿವಾಲಯದ 2016ರ ಮಾದರಿ ಕಾರಾಗೃಹ ಕೈಪಿಡಿ ಆರು ಬಂದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕು ಎನ್ನುತ್ತದೆ. 200 ಬಂದಿಗಳಿದ್ದರೆ 33 ಮಂದಿ. ವಾಸ್ತವ ಬಹಳಷ್ಟು ರಾಜ್ಯಗಳಲ್ಲಿ ಅದರಿಂದ ದೂರ ಇದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಅಂಕಿ ಅಂಶಗಳ ಪ್ರಕಾರ ದೇಶದ ಜೈಲುಗಳಲ್ಲಿ ಮಂಜೂರಾದ ಹುದ್ದೆಗಳಲ್ಲಿ ಸುಮಾರು ಶೇ 30ರಷ್ಟು ಖಾಲಿ. ಅದೇ ವರ್ಷ ಜೈಲುಗಳು ತಮ್ಮ ಸಾಮರ್ಥ್ಯದ ಶೇ 131ರಷ್ಟು ತುಂಬಿದ್ದವು. ಜನ ಜಾಸ್ತಿ, ಕಾಯುವವರು ಕಡಿಮೆ.

ಆದರೆ ಗಮನಿಸಿ, ಆ ಶೇ 30ರಲ್ಲಿ ನಿಮ್ಮ ಐವರು ಬರುವುದಿಲ್ಲ. ಅವರ ಹುದ್ದೆ ಪಟ್ಟಿಯಲ್ಲಿ ‘ಭರ್ತಿ’ ಎಂದೇ ಇದೆ. ಜನ ಇಲ್ಲ, ಖಾಲಿಯೂ ಇಲ್ಲ. ನೇಮಕಾತಿಗೆ ಖಾಲಿ ಹುದ್ದೆ ಲೆಕ್ಕ ಹಾಕುವಾಗ ನಿಮ್ಮ ಜೈಲಿನ ಮುಂದೆ ಈ ಐದು ಕಾಣುವುದಿಲ್ಲ. ವರ್ಗಾವಣೆ ಪಟ್ಟಿ ಮಾಡುವಾಗಲೂ ಕಾಣುವುದಿಲ್ಲ. ಅವಧಿ ಇಲ್ಲದ ನಿಯೋಜನೆಯಿಂದ ಆಗುವ ದೊಡ್ಡ ಹಾನಿ ಇದೇ. ಖಾಲಿ ಹುದ್ದೆಯಾದರೆ ಇವತ್ತಲ್ಲ ನಾಳೆ ತುಂಬೀತು. ಕಾಣದ ಖಾಲಿ ಎಂದೂ ತುಂಬುವುದಿಲ್ಲ. ಬಂದಿಗಳನ್ನು ನಾವು ಬೆಳಿಗ್ಗೆ ಬೀಗ ತೆರೆದಾಗ, ಸಂಜೆ ಬೀಗ ಹಾಕಿದಾಗ, ನಡುವೆ ಮತ್ತೆ ಎಣಿಸುತ್ತೇವೆ. ಒಬ್ಬರು ವ್ಯತ್ಯಾಸ ಬಂದರೆ ಜೈಲೇ ನಿಂತುಹೋಗುತ್ತದೆ. ಸಿಬ್ಬಂದಿಯನ್ನು ಹಾಗೆ ಎಣಿಸುವ ಅಭ್ಯಾಸ ನಮಗಿಲ್ಲ. ಅದನ್ನು ನೀವು ಶುರು ಮಾಡಬೇಕು.

ಒಂದೇ ಹಾಳೆ ಸಾಕು. ಪ್ರತಿ ತಿಂಗಳ ಒಂದನೇ ತಾರೀಕು ಅದನ್ನು ಹೊಸದಾಗಿ ಬರೆಯಿರಿ. ಮಂಜೂರು ಎಷ್ಟು, ಪಟ್ಟಿಯಲ್ಲಿ ಎಷ್ಟು, ದೀರ್ಘ ರಜೆಯಲ್ಲಿ ಎಷ್ಟು, ಅಮಾನತಿನಲ್ಲಿ ಎಷ್ಟು, ನಿಯೋಜನೆಯಲ್ಲಿ ಎಷ್ಟು, ಕೊನೆಗೆ ನಿಜವಾಗಿ ಪಾಳಿಗೆ ಬರುವವರು ಎಷ್ಟು. ನಿಯೋಜನೆಯ ಪ್ರತಿ ಹೆಸರಿನ ಮುಂದೆ ಆದೇಶ ಸಂಖ್ಯೆ, ತಾರೀಕು, ಯಾವ ಕೆಲಸಕ್ಕೆ, ಎಲ್ಲಿಯವರೆಗೆ ಎಂದು ಬರೆಯಿರಿ. ಆದೇಶ ಇಲ್ಲದಿದ್ದರೆ ಆ ಜಾಗ ಖಾಲಿ ಬಿಡಿ. ಆ ಹಾಳೆಯನ್ನು ಮಾಸಿಕ ವರದಿಯ ಜೊತೆ ಮೇಲಕ್ಕೆ ಕಳಿಸುತ್ತಾ ಇರಿ. ನಾಲ್ಕಾರು ತಿಂಗಳು ಖಾಲಿ ಜಾಗ ಕಂಡರೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ಈಗ ಹೊರಗಿರುವ ಐವರ ವಿಷಯ. ಐವರನ್ನೂ ಒಟ್ಟಿಗೆ ವಾಪಸ್ ಕೊಡಿ ಎಂದು ಒಂದೇ ಪತ್ರ ಬರೆದರೆ ಅದು ಕಡತದಲ್ಲಿ ಮಲಗುತ್ತದೆ. ಬಿಡಿಬಿಡಿಯಾಗಿ ಹೋಗಿ. ಮೊದಲ ಪತ್ರ ಮಹಿಳಾ ವಾರ್ಡರ್ ಬಗ್ಗೆ ಇರಲಿ.

ಅದಕ್ಕೆ ಕಾರಣ ಇದೆ. ಮಹಿಳಾ ವಿಭಾಗದಲ್ಲಿ ಗಂಡಸರನ್ನು ಹಾಕಿ ಪಾಳಿ ತುಂಬಿಸಲು ಆಗುವುದಿಲ್ಲ. ಮಹಿಳಾ ಬಂದಿಗಳ ತಪಾಸಣೆ, ಬೀಗ, ಎಣಿಕೆ ಎಲ್ಲವನ್ನೂ ಮಹಿಳಾ ಸಿಬ್ಬಂದಿಯೇ ಮಾಡಬೇಕು. ಅಧಿಕಾರಿಯೇ ಆಗಲಿ, ಗಂಡಸು ಒಳಗೆ ಹೋಗಬೇಕಾದರೆ ಮಹಿಳಾ ಸಿಬ್ಬಂದಿ ಜೊತೆಗಿರಬೇಕು. ಮೂವರಿಂದ ವರ್ಷಕ್ಕೆ ಸಿಗುವುದು 789 ಪಾಳಿ. ಬೇಕಾದದ್ದು 1095. ವಾರದ 21 ಪಾಳಿಯಲ್ಲಿ ಸುಮಾರು ಆರು ಖಾಲಿ. 12 ಗಂಟೆಯ ಎರಡು ಪಾಳಿ ಮಾಡಿದರೂ 730 ಬೇಕು, ಉಳಿಯುವುದು ಬರೀ 59. ಈ ಮೂವರಲ್ಲಿ ಒಬ್ಬರು 180 ದಿನದ ಹೆರಿಗೆ ರಜೆಗೆ ಹೋದರೆ? ಹೋಗುವುದು ಅವರ ಹಕ್ಕು, ಹೋಗಲೇಬೇಕು. ಆಗ ಇನ್ನಿಬ್ಬರು ಹೆಣ್ಣುಮಕ್ಕಳು ಆರು ತಿಂಗಳು ಒಂದು ದಿನವೂ ರಜೆ ಇಲ್ಲದೆ ದುಡಿಯಬೇಕಾಗುತ್ತದೆ. ಇದನ್ನು ಹೀಗೇ, ಈ ಸಂಖ್ಯೆಗಳ ಸಮೇತ ಬರೆಯಿರಿ. ‘ಸಿಬ್ಬಂದಿ ಕೊರತೆ ಇದೆ’ ಎಂಬ ಸಾಲನ್ನು ಎಲ್ಲ ಜೈಲಿನವರೂ ಬರೆಯುತ್ತಾರೆ, ಅದಕ್ಕೆ ಬೆಲೆ ಇಲ್ಲ. ‘ವಾರಕ್ಕೆ ಆರು ಪಾಳಿ ಮಹಿಳಾ ವಿಭಾಗದಲ್ಲಿ ಯಾರೂ ಇಲ್ಲ’ ಎಂಬ ಸಾಲು ಓದಿದ ಅಧಿಕಾರಿ ಸುಮ್ಮನೆ ಕೂರುವುದು ಕಷ್ಟ.

ಎರಡನೇ ಪತ್ರ ಆದೇಶ ಇಲ್ಲದ ಆ ಇಬ್ಬರ ಬಗ್ಗೆ. ಅವರು ಕೆಲಸ ಮಾಡುತ್ತಿರುವ ಕಡೆಗೂ, ಇಲಾಖೆಯ ಕೇಂದ್ರ ಕಚೇರಿಗೂ ಬರೆಯಿರಿ. ಯಾವ ದಿನದಿಂದ ಅಲ್ಲಿದ್ದಾರೆ, ಏನು ಕೆಲಸ, ಹಾಜರಿ ಯಾರ ಬಳಿ ಇದೆ ಎಂದು ಕೇಳಿ. ಅವಧಿ ನಮೂದಿಸಿ, ಹೋದ ದಿನದಿಂದಲೇ ಅನ್ವಯಿಸುವ ಘಟನೋತ್ತರ ಆದೇಶ ಕೊಡಿ, ಇಲ್ಲವೇ ವಾಪಸ್ ಕಳಿಸಿ ಎಂದು ಕೋರಿ. ಸಂಬಳದ ಬಿಲ್‌ಗೆ ಸಹಿ ಹಾಕುತ್ತಿರುವವರು ನೀವು. ಅವರು ಆ ತಿಂಗಳು ಕೆಲಸ ಮಾಡಿದ್ದಾರೆ ಎಂಬುದಕ್ಕೆ ನಿಮ್ಮ ಬಳಿ ಒಂದು ಚೀಟಿಯೂ ಇಲ್ಲದಿದ್ದರೆ ಮಹಾಲೇಖಪಾಲರ ತಪಾಸಣೆಯಲ್ಲಿ ಉತ್ತರ ಕೊಡಬೇಕಾದವರೂ ನೀವೇ. ಮುಂದಿನ ತಿಂಗಳಿನಿಂದ ಪ್ರತಿ 20ನೇ ತಾರೀಕಿನೊಳಗೆ ಹಾಜರಿ ಪ್ರಮಾಣಪತ್ರ ಬರಬೇಕು ಎಂದು ಲಿಖಿತವಾಗಿ ತಿಳಿಸಿ. ಈ ತಿಂಗಳೇ ಸಂಬಳ ನಿಲ್ಲಿಸಬೇಡಿ. ಅಲ್ಲಿ ಕೆಲಸ ಮಾಡುತ್ತಿರುವ ವಾರ್ಡರ್ ತಾನಾಗಿ ಹೋದವರಲ್ಲ, ಹೋಗು ಅಂದಾಗ ಹೋದವರು. ಅವರ ಮನೆಯ ಅಕ್ಕಿ ಬೇಳೆ ನಿಲ್ಲಬಾರದು.

ಮೂರು ವರ್ಷದಿಂದ ಹೊರಗಿರುವವರದ್ದು ಬೇರೆ ಕಥೆ. ಅಲ್ಲಿನ ಕೆಲಸ ನಿಜವಾಗಿಯೂ ಬೇಕಾದ್ದೇ ಇರಬಹುದು. ಹಾಗಿದ್ದರೆ ಅವರನ್ನು ಅಲ್ಲಿಗೇ ವರ್ಗ ಮಾಡಲಿ, ಇಲ್ಲವೇ ಹುದ್ದೆಯನ್ನೇ ಅಲ್ಲಿಗೆ ಸ್ಥಳಾಂತರಿಸಲಿ ಎಂದು ಪ್ರಸ್ತಾವ ಕಳಿಸಿ. ವರ್ಗವಾದರೆ ನಿಮ್ಮಲ್ಲಿ ಒಂದು ಹುದ್ದೆ ಖಾಲಿ ಎಂದು ಕಾಣುತ್ತದೆ, ತುಂಬುವ ದಾರಿ ತೆರೆಯುತ್ತದೆ. ಎಷ್ಟೋ ಅಧಿಕಾರಿಗಳು ‘ನಮ್ಮ ಪಟ್ಟಿಯಿಂದ ಹೆಸರು ಹೋದೀತು’ ಎಂದು ಇದಕ್ಕೆ ಹೆದರುತ್ತಾರೆ. ಬರದ ಮನುಷ್ಯನ ಹೆಸರು ಇಟ್ಟುಕೊಂಡು ಏನು ಮಾಡುವುದು, ಹೇಳಿ?

ಮುಂದೆ ನಿಯೋಜನೆ ಆದೇಶ ಬಂದಾಗಲೆಲ್ಲ ನಾಲ್ಕು ವಿಷಯ ಇದೆಯೇ ನೋಡಿ. ಕಾರಣ, ಅವಧಿ, ಸಂಬಳ ಎಲ್ಲಿಂದ, ಅವಧಿ ಮುಗಿದ ದಿನ ಬೇರೆ ಆದೇಶಕ್ಕೆ ಕಾಯದೆ ಮೂಲ ಸ್ಥಳಕ್ಕೆ ವರದಿ ಮಾಡಬೇಕು ಎಂಬ ಸಾಲು. ಈ ಕೊನೆಯ ಸಾಲು ಇಲ್ಲದ ಆದೇಶಗಳೇ ಮೂರು ವರ್ಷ ಎಳೆಯುವುದು. ‘ಮುಂದಿನ ಆದೇಶದವರೆಗೆ’ ಎಂದಿದ್ದರೆ, ಎಷ್ಟು ತಿಂಗಳು ಎಂದು ವಿನಯದಿಂದಲೇ ಕೇಳಿ ಬರೆಯಿರಿ.

ನಿಮಗೆ ಬೇರೆ ಕಡೆಯಿಂದ ಸಿಬ್ಬಂದಿ ಬಂದರೂ ಎಚ್ಚರ ಬೇಕು. ಹೊಸಬರನ್ನು ಬಂದ ದಿನವೇ ರಾತ್ರಿ ಪಾಳಿಗೆ, ಅದರಲ್ಲೂ ಕೀ ಇರುವ ಪಾಯಿಂಟ್‌ಗೆ ಹಾಕಬೇಡಿ. ಒಂದು ವಾರ ಹಳಬರ ಜೊತೆ ನಿಲ್ಲಿಸಿ. ರಾಜ್ಯ ಕೈಗಾರಿಕಾ ಭದ್ರತಾ ಪಡೆ, ಗೃಹರಕ್ಷಕರು ಬಂದರೆ ಹೊರಗೋಡೆ, ಟವರ್, ಗೇಟಿನ ಹೊರ ತಪಾಸಣೆಗೆ ಬಳಸಿ. ಬ್ಯಾರಕ್ ಕೀ, ಬಂದಿಗಳ ಪುಸ್ತಕ, ವಾರಂಟ್ ಮಾತ್ರ ಇಲಾಖೆಯವರ ಕೈಯಲ್ಲೇ ಇರಲಿ. ಕೋರ್ಟಿಗೆ ಬೆಂಗಾವಲು ಸಶಸ್ತ್ರ ಮೀಸಲು ಪೊಲೀಸರ ಕೆಲಸ. ಅವರು ಬರಲಿಲ್ಲ ಅಂತ ನಿಮ್ಮ ವಾರ್ಡರ್‌ಗಳನ್ನು ಕಳಿಸುವ ರೂಢಿ ಬಿದ್ದಿದ್ದರೆ ಅದೂ ಒಂಥರಾ ನಿಯೋಜನೆಯೇ. ಆ ಹಾಳೆಯಲ್ಲಿ ಅದನ್ನೂ ಬರೆಯಿರಿ.

ಸಾರ್ವತ್ರಿಕ ವರ್ಗಾವಣೆಗೆ ಬರೋಣ. ನಮ್ಮ ರಾಜ್ಯದಲ್ಲಿ ಇದಕ್ಕೆ ತಳಹದಿ 2013ರ ಜೂನ್ 7ರ ಸರ್ಕಾರಿ ಆದೇಶ. ಆಮೇಲೆ ತಿದ್ದುಪಡಿಗಳು ಬಂದಿವೆ, ವರ್ಷ ವರ್ಷದ ಆದೇಶದಲ್ಲಿ ವೃಂದದ (ಒಂದೇ ಬಗೆಯ ಹುದ್ದೆಗಳ ಗುಂಪಿನ) ಇಂತಿಷ್ಟು ಶೇಕಡಾ ಮೀರಬಾರದು ಎಂಬ ಮಿತಿ ಇರುತ್ತದೆ. ನೌಕರರ ‘ಎ’, ‘ಬಿ’, ‘ಸಿ’, ‘ಡಿ’ ಗುಂಪಿಗೆ ತಕ್ಕಂತೆ ಒಂದು ಜಾಗದಲ್ಲಿ ಕನಿಷ್ಠ ಇಷ್ಟು ವರ್ಷ ಎಂಬ ಲೆಕ್ಕ ಇದೆ. ಅದಕ್ಕಿಂತ ಮುಂಚೆ ಎತ್ತಬೇಕಾದರೆ ಮುಖ್ಯಮಂತ್ರಿಗಳ ಪೂರ್ವಾನುಮೋದನೆ ಬೇಕು. ಆ ವರ್ಷದ ಆದೇಶ ಕೈಯಲ್ಲಿ ಹಿಡಿದೇ ಪ್ರಸ್ತಾವ ಬರೆಯಿರಿ. ಕಲಬುರಗಿ, ಬಳ್ಳಾರಿ ಕಡೆಯ ಜೈಲುಗಳಿಗೆ ಸಂಬಂಧಪಟ್ಟ ಪ್ರಸ್ತಾವವಾದರೆ ಆ ನೌಕರರು ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಅಡಿಯ ಸ್ಥಳೀಯ ವೃಂದದವರೇ ಎಂದು ಸೇವಾ ಪುಸ್ತಕ ನೋಡಿ ಖಚಿತ ಮಾಡಿಕೊಳ್ಳಿ. ಅಲ್ಲಿ ‘ಸಿ’ ಗುಂಪಿನ ಶೇ 80ರಷ್ಟು ಹುದ್ದೆ ಸ್ಥಳೀಯರಿಗೆ ಮೀಸಲು. ಇದನ್ನು ನೋಡದೆ ಕಳಿಸಿದ ಪ್ರಸ್ತಾವ ಆಕ್ಷೇಪಣೆ ಹೊತ್ತು ವಾಪಸ್ ಬರುತ್ತದೆ, ಅಷ್ಟರಲ್ಲಿ ವರ್ಗಾವಣೆ ಅವಧಿ ಮುಗಿದಿರುತ್ತದೆ.

ಯಾರನ್ನು ಕಳಿಸಬೇಕು ಎಂಬುದು ನಿಮ್ಮ ಕೈಯಲ್ಲಿಲ್ಲ. ಆದರೆ ಯಾರು ಯಾವಾಗ ಹೊರಡಬೇಕು ಎಂಬುದರಲ್ಲಿ ನಿಮ್ಮ ಮಾತು ನಡೆಯುತ್ತದೆ. ಒಂದೇ ಆದೇಶದಲ್ಲಿ ಎಂಟು ಜನರ ಹೆಸರು ಬಂದರೆ ಎಂಟೂ ಜನರನ್ನು ಒಂದೇ ಸಂಜೆ ರಿಲೀವ್ ಮಾಡಬೇಡಿ. ಬದಲಿ ಬಂದು ವರದಿ ಮಾಡಿದ ಹಾಗೆ ಇಬ್ಬಿಬ್ಬರನ್ನು ಬಿಡಲು ಅನುಮತಿ ಕೇಳಿ. ದೊಡ್ಡ ಜೈಲಿನಲ್ಲಿ ಹಗರಣವಾದಾಗ ಈ ಕಷ್ಟ ಎದ್ದು ಕಾಣುತ್ತದೆ. 2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರದ ಒಳಗಿನ ಫೋಟೋ ಹೊರಬಂದಾಗ ಅಧಿಕಾರಿಗಳು, ಸಿಬ್ಬಂದಿ ಅಮಾನತಾದರು, ಆರೋಪಿಗಳನ್ನು ಬಳ್ಳಾರಿ ಮತ್ತಿತರ ಜೈಲುಗಳಿಗೆ ಕಳಿಸಲಾಯಿತು. ಕ್ರಮ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕಡೆ ಜನ ಹೋದರೆ ತುಂಬುವುದು ಇನ್ನೊಂದು ಜೈಲಿನಿಂದಲೇ. ಇನ್ನೊಂದು ಕಡೆಗೆ ಕಠಿಣ ಬಂದಿಗಳು ಬಂದರೆ ಅಲ್ಲಿಯ ಅದೇ ಹತ್ತಿಪ್ಪತ್ತು ಜನರ ಮೇಲೆ ಹೊರೆ ಬೀಳುತ್ತದೆ. ಬಂದಿಗಳು ಬರುವ ಆದೇಶ ಬಂದ ದಿನವೇ ಸಿಬ್ಬಂದಿ ಕೇಳುವ ಪತ್ರವೂ ಹೋಗಬೇಕು.

ಜೈಲಿನ ಒಳಗಿನ ಬದಲಾವಣೆ ಪೂರ್ತಿ ನಿಮ್ಮ ಕೈಯಲ್ಲಿದೆ. ನನ್ನ ಅನುಭವದಲ್ಲಿ ಊರಿಂದೂರಿಗೆ ವರ್ಗಾವಣೆಗಿಂತ ಇದರಿಂದ ಜಾಸ್ತಿ ಪ್ರಯೋಜನ. ಒಬ್ಬರೇ ವರ್ಷಗಟ್ಟಲೆ ಗೇಟಿನಲ್ಲೋ ಭೇಟಿ ಕೊಠಡಿಯಲ್ಲೋ ಉಗ್ರಾಣದಲ್ಲೋ ಕೂತರೆ ಅಲ್ಲಿ ಸಂಬಂಧಗಳು ಬೆಳೆಯುತ್ತವೆ. ಮೊಬೈಲು, ಗಾಂಜಾ ಒಳಗೆ ಬರುವ ದಾರಿ ಹೀಗೇ ತೆರೆದುಕೊಳ್ಳುತ್ತದೆ. ಈ ಪಾಯಿಂಟ್‌ಗಳನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ, ಎಲ್ಲರಿಗೂ ಒಂದೇ ನಿಯಮ ಇರಲಿ. ಆಗ ಬದಲಾದವರಿಗೆ ‘ನನ್ನ ಮೇಲೆ ಅನುಮಾನ’ ಎಂಬ ನೋವು ಆಗುವುದಿಲ್ಲ. ಬ್ಯಾರಕ್ ಸಿಬ್ಬಂದಿಯನ್ನು ಮಾತ್ರ ಅಷ್ಟು ಬೇಗ ಬದಲಿಸಬೇಡಿ. ಯಾವ ಹುಡುಗ ಎರಡು ದಿನದಿಂದ ಊಟ ಬಿಟ್ಟಿದ್ದಾನೆ, ಯಾರು ರಾತ್ರಿ ಎದ್ದು ಕೂರುತ್ತಾರೆ ಎಂಬುದು ಮುಖ ಪರಿಚಯ ಇದ್ದವರಿಗೆ ಮಾತ್ರ ಗೊತ್ತಾಗುವುದು.

ಈಗ ನನಗೆ ಅತಿ ಮುಖ್ಯ ಅನಿಸುವ ವಿಷಯ, ಚಾರ್ಜ್ ಕೊಡುವುದು. ನಾನು ಸೇವೆಯಲ್ಲಿದ್ದಾಗ ಒಂದು ಜೈಲಿನಲ್ಲಿ ಅರ್ಧ ಗಂಟೆಯಲ್ಲಿ ಚಾರ್ಜ್ ತೆಗೆದುಕೊಂಡೆ. ಹೋಗುವವರಿಗೆ ಬಸ್ಸಿನ ಅವಸರ, ನನಗೆ ಸಂಕೋಚ. ಬಂದೂಕು ಎಣಿಸಿದೆವು, ನಗದು ಎಣಿಸಿದೆವು, ಕೀ ಎಣಿಸಿದೆವು, ಸಹಿ ಹಾಕಿದೆವು. ನಾಲ್ಕನೇ ದಿನ ಮೇಜಿನ ಡ್ರಾಯರ್‌ನಲ್ಲಿ ಒಬ್ಬ ಬಂದಿಯ ಬಿಡುಗಡೆ ಆದೇಶ ಸಿಕ್ಕಿತು. ಕೂಲಿ ಮಾಡುವ ಹುಡುಗ. ಜಾಮೀನು ಸಿಕ್ಕಿ, ಕಾಗದ ಬಂದು, ನಮ್ಮ ಮರೆವಿನಿಂದ ನಾಲ್ಕು ರಾತ್ರಿ ಜಾಸ್ತಿ ಒಳಗಿದ್ದ. ಅವನು ಏನೂ ಅನ್ನಲಿಲ್ಲ, ನಮಸ್ಕಾರ ಮಾಡಿ ಹೋದ. ಆ ನಮಸ್ಕಾರ ನನಗೆ ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ನಾನು ಚಾರ್ಜ್ ತೆಗೆದುಕೊಳ್ಳುವ ಕ್ರಮವನ್ನೇ ತಿರುಗಿಸಿದೆ. ಮೊದಲು ಬಂದಿಗಳು, ಆಮೇಲೆ ವಸ್ತುಗಳು. ಬ್ಯಾರಕ್‌ಗೆ ಹೋಗಿ ಪ್ರತಿ ಬಂದಿಯನ್ನೂ ಅವರ ವಾರಂಟ್ ಜೊತೆ ತಾಳೆ ನೋಡಿ. ಮುಂದಿನ ಕೋರ್ಟ್ ದಿನಾಂಕ ಇದೆಯೇ ನೋಡಿ. ಜಾಮೀನು ಸಿಕ್ಕೂ ಹೊರಗೆ ಹೋಗದವರ ಪಟ್ಟಿ ಪ್ರತ್ಯೇಕ ತೆಗೆಸಿ. ಜಾಮೀನು ಕೊಟ್ಟ ಏಳು ದಿನದಲ್ಲಿ ಬಂದಿ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಹೇಳಿದೆ. ಅಧಿಕಾರಿ ಬದಲಾಗುವ ವಾರದಲ್ಲಿ ಈ ಏಳು ದಿನ ಯಾರ ಲೆಕ್ಕಕ್ಕೂ ಬಾರದೆ ಹೋಗುವ ಅಪಾಯ ಇದೆ. ಹೋಗುವವರು ಇದನ್ನು ಬರೆದೇ ಕೊಡಲಿ.

ಪುಸ್ತಕದಲ್ಲಿ ಸಿಗದ ಮಾತುಗಳೂ ಇರುತ್ತವೆ. ಯಾರನ್ನು ಯಾರ ಜೊತೆ ಒಂದೇ ಬ್ಯಾರಕ್‌ನಲ್ಲಿ ಇಡಬಾರದು. ಯಾರು ಹಿಂದೆ ಜೀವ ಕಳೆದುಕೊಳ್ಳಲು ಪ್ರಯತ್ನಿಸಿದ್ದರು. ಕ್ಷಯಕ್ಕೆ, ಮೂರ್ಛೆಗೆ, ಎಚ್‌ಐವಿಗೆ ದಿನಾ ಮಾತ್ರೆ ತಪ್ಪದೆ ನುಂಗಬೇಕಾದವರು ಯಾರು. ಹೋಗುವ ಮುಖ್ಯ ವಾರ್ಡರ್ ಜೊತೆ ಒಂದು ಗಂಟೆ ಕೂತು ಕೇಳಿ ಬರೆದುಕೊಳ್ಳಿ. ಆರೋಗ್ಯದ ವಿಷಯ ವೈದ್ಯರ ಮತ್ತು ನಿಮ್ಮ ನಡುವೆಯೇ ಇರಲಿ, ಎಲ್ಲರ ಕೈಗೆ ಪಟ್ಟಿ ಹೋಗಬಾರದು.

ಇನ್ನೊಂದು ಸಣ್ಣ ಕೆಲಸ, ಬಹಳ ಜನ ಮರೆಯುತ್ತಾರೆ. ಬಂದಿಗಳ ದಾಖಲೆ ಇಡುವ ಇ-ಪ್ರಿಸನ್ಸ್ ತಂತ್ರಾಂಶದಲ್ಲಿ ಹೋದವರ ಲಾಗಿನ್ ಅದೇ ದಿನ ಮುಚ್ಚಿಸಿ, ಬಂದವರಿಗೆ ಹೊಸದು ಮಾಡಿಸಿ. ಹೋದವರ ಹೆಸರಿನಲ್ಲಿ ಇಲ್ಲಿರುವವರು ನಮೂದು ಮಾಡುತ್ತಾ ಕೂತರೆ ನಾಳೆ ತಪ್ಪು ಯಾರದು ಎಂದು ಹೇಳಲಾಗದು. ನಿಯೋಜನೆ ಮೇಲೆ ಹೋದ ನಿಮ್ಮ ಐವರಲ್ಲಿ ಯಾರದ್ದಾದರೂ ಲಾಗಿನ್ ಇನ್ನೂ ಚಾಲ್ತಿಯಲ್ಲಿದೆಯೇ? ಇವತ್ತೇ ನೋಡಿ. ಸಿಟಿಸಿ (ಪ್ರಭಾರ ಹಸ್ತಾಂತರ ಪ್ರಮಾಣಪತ್ರ), ಅಂತಿಮ ವೇತನ ಪ್ರಮಾಣಪತ್ರ, ಸೇವಾ ಪುಸ್ತಕ, ನೌಕರರ ಸಂಬಳದ ತಂತ್ರಾಂಶ ಎಚ್‌ಆರ್‌ಎಂಎಸ್‌ನಲ್ಲಿ ಬದಲಾವಣೆ, ಇವು ನಿಮ್ಮ ವಿಷಯ ನಿರ್ವಾಹಕರಿಗೆ ಗೊತ್ತಿರುವ ಕೆಲಸ. ಒಂದೇ ಮಾತು: ಸೇವಾ ಪುಸ್ತಕ ತಡ ಮಾಡಿ ಕಳಿಸಬೇಡಿ. ಇಲ್ಲಿ ಬಾಕಿ ಉಳಿದ ಒಂದು ನಮೂದಿನಿಂದ ಅಲ್ಲಿ ಅವರ ವಾರ್ಷಿಕ ವೇತನ ಬಡ್ತಿ ನಿಂತುಬಿಡುತ್ತದೆ.

ನಿಮ್ಮ ಪ್ರಭಾರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ನಿಮಗೆ ಬಂದ ಆದೇಶ ಕರ್ನಾಟಕ ನಾಗರಿಕ ಸೇವಾ ನಿಯಮಗಳ 32ನೇ ನಿಯಮದ್ದೋ 68ನೇ ನಿಯಮದ್ದೋ ನೋಡಿ. ಖಾಲಿ ಹುದ್ದೆಯ ದಿನನಿತ್ಯದ ಕೆಲಸ ನೋಡಿಕೊಳ್ಳುವ ಪ್ರಭಾರ 32. ನಿಮ್ಮ ಹುದ್ದೆಯ ಜೊತೆಗೆ ಇನ್ನೊಂದನ್ನೂ ನಿಭಾಯಿಸುವ ಹೆಚ್ಚುವರಿ ಪ್ರಭಾರ 68. ಭತ್ಯೆ ಇದರ ಮೇಲೆ ನಿಂತಿದೆ. ಅದಕ್ಕಿಂತ ದೊಡ್ಡ ವಿಷಯ ಅಧಿಕಾರದ್ದು. ದಿನನಿತ್ಯದ ಪ್ರಭಾರ ಸಿಕ್ಕ ಮಾತ್ರಕ್ಕೆ ಕಾನೂನು ಅಧೀಕ್ಷಕರಿಗೆ ಕೊಟ್ಟ ಎಲ್ಲ ಅಧಿಕಾರ ತಾನಾಗಿ ಬಂತೇ ಎಂಬ ಪ್ರಶ್ನೆ ಏಳುತ್ತದೆ. ಬಂದಿಯೊಬ್ಬರಿಗೆ ಜೈಲು ಅಪರಾಧಕ್ಕೆ ಶಿಕ್ಷೆ ವಿಧಿಸಿದಿರಿ ಅಂದುಕೊಳ್ಳಿ. ‘ಇವರಿಗೆ ಆ ಅಧಿಕಾರವೇ ಇರಲಿಲ್ಲ’ ಎಂದು ನಾಳೆ ವಕೀಲರು ಹೇಳಬಹುದು. ಅಧೀಕ್ಷಕರ ಶಾಸನಬದ್ಧ ಅಧಿಕಾರ ನಿಮಗೆ ಇದೆಯೇ ಎಂದು ಸ್ಪಷ್ಟೀಕರಣ ಕೇಳಿ ಬರೆಯಿರಿ. ಅಲ್ಲಿಯವರೆಗೆ ಅಂಥ ಕಡತ ಮೇಲಿನವರಿಗೆ ಕಳಿಸಿ.

ಒಂದು ಎಚ್ಚರಿಕೆ. ಕಿರಿಕಿರಿ ಮಾಡುವ ವಾರ್ಡರ್ ಒಬ್ಬರು ಇದ್ದೇ ಇರುತ್ತಾರೆ. ವರ್ಗಾವಣೆ ಪಟ್ಟಿಯಲ್ಲಿ ಅವರ ಹೆಸರು ತೂರಿಸಿ ಕೈ ತೊಳೆದುಕೊಳ್ಳುವ ಆಸೆ ಬರುತ್ತದೆ. ಬೇಡ. ತಪ್ಪು ಒಂದು ಜೈಲಿನಿಂದ ಇನ್ನೊಂದು ಜೈಲಿಗೆ ಹೋಗುತ್ತದೆ, ಅಷ್ಟೇ. ಅಲ್ಲಿನ ಬಂದಿಗಳು ಮಾಡಿದ ಪಾಪವೇನು? ವರ್ಗಾವಣೆ ಆಡಳಿತದ ವಿಷಯ, ದುರುದ್ದೇಶವೋ ಶಾಸನದ ಉಲ್ಲಂಘನೆಯೋ ಇಲ್ಲದಿದ್ದರೆ ಕೋರ್ಟ್ ಕೈ ಹಾಕುವುದಿಲ್ಲ ಎಂದು 1993ರ ಎಸ್.ಎಲ್. ಅಬ್ಬಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಆದರೆ ಶಿಕ್ಷೆಯ ಬದಲಿಗೆ ವರ್ಗಾವಣೆ ಮಾಡಿದರೆ ಅದು ನಿಲ್ಲುವುದಿಲ್ಲ ಎಂದು 2008ರ ಸೋಮೇಶ್ ತಿವಾರಿ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿದೆ. ರಾಜ್ಯ ಆಡಳಿತ ನ್ಯಾಯಮಂಡಳಿ ಮುಂದೆ ಹೋದಾಗ ನಿಮ್ಮ ಪ್ರಸ್ತಾವದ ಭಾಷೆಯನ್ನೇ ಓದುತ್ತಾರೆ. ತಪ್ಪು ಮಾಡಿದ್ದರೆ ನೋಟಿಸ್ ಕೊಡಿ, ವಿಚಾರಣೆ ನಡೆಸಿ. ಅವರಿಗೂ ಮಾತಾಡುವ ಅವಕಾಶ ಸಿಗಲಿ.

ವರ್ಗವಾದವರ ಮನೆ ಕಡೆಗೂ ಸ್ವಲ್ಪ ನೋಡಿ. ಕ್ವಾರ್ಟರ್ಸ್ ತಕ್ಷಣ ಖಾಲಿ ಮಾಡಿ ಅಂದರೆ ಶಾಲೆಗೆ ಹೋಗುವ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ನಿಯಮದೊಳಗೆ ಎಷ್ಟು ಕಾಲಾವಕಾಶ ಕೊಡಲು ಸಾಧ್ಯವೋ ಅಷ್ಟೂ ಕೊಡಲು ಶಿಫಾರಸು ಮಾಡಿ. ಹೊಸದಾಗಿ ಬರುವವರಿಗೆ ಮನೆ ಸಿಗುವವರೆಗೆ ಒಂದು ಕೋಣೆಯಾದರೂ ತೆರವು ಮಾಡಿಸಿ ಇಡಿ. ಮನೆಯ ಚಿಂತೆ ಹೊತ್ತು ಬಂದವರು ರಾತ್ರಿ ಟವರ್ ಮೇಲೆ ಎಚ್ಚರವಾಗಿ ನಿಲ್ಲುವುದು ಕಷ್ಟ.

ಈ ವಾರಕ್ಕೆ ಇಷ್ಟು ಮಾಡಿ. ಇವತ್ತು ಆ ಇ-ಮೇಲ್ ಹೋಗಲಿ, ಲಾಗಿನ್‌ಗಳ ಪರಿಶೀಲನೆ ಆಗಲಿ. ನಾಳೆ ಆ ಒಂದು ಹಾಳೆ ಬರೆದು ಮುಗಿಸಿ. ನಾಡಿದ್ದು ಮಹಿಳಾ ವಾರ್ಡರ್ ಬಗ್ಗೆ ಪತ್ರ ಕಳಿಸಿ. ಕಳಿಸುವ ಮೊದಲು ಉಳಿದ ಮೂವರು ಹೆಣ್ಣುಮಕ್ಕಳನ್ನು ಕರೆದು ಆ ಪತ್ರ ಓದಿ ಹೇಳಿ. ತಮ್ಮ ಕಷ್ಟವನ್ನು ಯಾರೋ ಲೆಕ್ಕ ಹಾಕಿ ಬರೆದಿದ್ದಾರೆ ಎಂದು ಅವರಿಗೂ ಗೊತ್ತಾಗಲಿ. ಎಣಿಕೆಯಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಅವರೇ ಸರಿ ಮಾಡಿಸುತ್ತಾರೆ.